‘ನೋಡು’ ಅನ್ನದ ಮನೆ

ನಾನು ಓದು ನಿಲ್ಲಿಸಿದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ನಾನು ದಡ್ಡನಾಗಿರಲಿಲ್ಲ. ಮೇಷ್ಟರು ಹೊಡೆದರೆಂದು ಓಡಿ ಬಂದವನೂ ಅಲ್ಲ. ಮಾರ್ನಮಿ ರಜೆಗೆ ಸ್ಕೂಲು ಮುಚ್ಚಿತು, ರಜೆ ಮುಗಿದು ಬಾಗಿಲು ತೆಗೆದಾಗ ನನಗೆ ಕರಿಹಲಗೆ ಕಾಣುತ್ತಿರಲಿಲ್ಲ. ಅಷ್ಟೇ. ಇದನ್ನು ಹೇಳಿದಾಗ ಎದುರಿಗೆ ಕೂತವರು ಉಸಿರು ಎಳೆದುಕೊಳ್ಳುತ್ತಾರೆ, ಕೆಲವರು ಕೈ ಹಿಡಿದುಕೊಳ್ಳುತ್ತಾರೆ. ನಾನು ಬಿಡಿಸಿಕೊಳ್ಳುತ್ತೇನೆ. ಆ ದಿನವನ್ನು ನೆನೆಸಿಕೊಂಡರೆ ನನಗೆ ಏನೂ ಆಗುವುದಿಲ್ಲ. ಪಕ್ಕದ ಮನೆಯಲ್ಲಿ ನಡೆದದ್ದನ್ನು ಗೋಡೆಯ ಈಚೆಯಿಂದ ಕೇಳಿಸಿಕೊಂಡ ಹಾಗೆ ಇದೆ. ಇದನ್ನೆಲ್ಲ ಈಗ ಫೋನಿಗೆ ಹೇಳುತ್ತಿದ್ದೇನೆ, ಅದು ಅಕ್ಷರ ಮಾಡಿಕೊಳ್ಳುತ್ತದೆ. ಎಲ್ಲಾದರೂ ಕಾಗುಣಿತ ತಪ್ಪಿದ್ದರೆ ಅದು ಫೋನಿನದು, ಏಳನೇ ಕ್ಲಾಸಿನದಲ್ಲ.

ಹಾರೋಹಳ್ಳಿಯಿಂದ ಕನಕಪುರದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ ನಮ್ಮೂರು. ಮಣ್ಣಿನ ಗೋಡೆ, ನಾಡಹಂಚಿನ ಮನೆ. ಮುಂದೆ ಕಂಬದ ಜಗುಲಿ, ಒಳಗೆ ನಡುಮನೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ರೇಷ್ಮೆಹುಳ ಸಾಕುವ ಕೋಣೆ. ಅದನ್ನು ಹುಳದಮನೆ ಅನ್ನುತ್ತಿದ್ದೆವು, ಇಡೀ ಮನೆಯಲ್ಲಿ ಅದೇ ದೊಡ್ಡದು. ಹುಳಕ್ಕೆ ಗಾಳಿ ಬೇಕು, ಜಾಗ ಬೇಕು, ನಮಗೆ ಅಷ್ಟು ಬೇಕಿರಲಿಲ್ಲ. ಅಪ್ಪ, ಅವ್ವ, ಅಕ್ಕ, ನಾನು ನಡುಮನೆಯಲ್ಲೇ ಸಾಲಾಗಿ ಮಲಗುತ್ತಿದ್ದೆವು. ಮಾರ್ನಮಿಗೆ ಮೊದಲು ಮನೆಗೆಲ್ಲ ಸುಣ್ಣ ಹೊಡೆಯುವುದು ಅಪ್ಪನ ಕೆಲಸ. ಸುಣ್ಣದ ಕಲ್ಲನ್ನು ತಗಡಿನ ಡಬ್ಬಕ್ಕೆ ಹಾಕಿ ನೀರು ಹೊಯ್ದರೆ ಅದು ಬೆಂಕಿಯಿಲ್ಲದೆ ಕುದಿಯುತ್ತದೆ. ಕುದಿ ನಿಂತ ಮೇಲೆ ಸೋಸಿ, ನೀಲಿ ಬೆರೆಸಿ ಗೋಡೆಗೆ ಹಚ್ಚುವುದು. ಆ ದಿನ ಅಪ್ಪ ಏಣಿಯ ಮೇಲೆ ನಿಂತು ಗೋಡೆಯ ಹಳೆಯ ಹಕ್ಕಳೆ ಕೆರೆಯುತ್ತಿದ್ದ. ಅಲ್ಲಿಂದಲೇ ಕೂಗಿದ.

“ಲೇ ಮಾದೇಸ, ಸುಣ್ಣ ಕುದ್ದು ನಿಂತದಾ, ಬಗ್ಗಿ ನೋಡ್ಲಾ.”

ಬಗ್ಗಿ ನೋಡಿದೆ. ಒಡೆಯದೆ ಉಳಿದಿದ್ದ ಒಂದು ಕಲ್ಲು ಆಗ ಒಡೆಯಿತು. ಅವ್ವ ಕೊಡದ ನೀರನ್ನೆಲ್ಲ ಮುಖಕ್ಕೆ ಸುರಿದಳು. ಒಬ್ಬರು ಹರಳೆಣ್ಣೆ ಅಂದರು, ಇನ್ನೊಬ್ಬರು ಎದೆಹಾಲು ಅಂದರು. ಕನಕಪುರದ ಆಸ್ಪತ್ರೆಗೆ ಹೋದೆವು, ಅಲ್ಲಿಂದ ಬೆಂಗಳೂರಿಗೆ. ಪಟ್ಟಿ ಬಿಚ್ಚಿದಾಗ ಎಲ್ಲ ಬಿಳಿ. ಕಣ್ಣು ಹೋದರೆ ಕತ್ತಲೆ ಎಂದು ಜನ ತಿಳಿದಿದ್ದಾರೆ. ನನಗೆ ಕತ್ತಲೆಯಿಲ್ಲ. ಹಗಲೆಲ್ಲ ಸುಣ್ಣ ಹೊಡೆದ ಗೋಡೆಗೆ ಮುಖ ಮಾಡಿ ಕೂತ ಹಾಗೆ ಇರುತ್ತದೆ.

ಆಮೇಲೆ ಮನೆಯಿಂದ ಎರಡು ವಸ್ತು ಹೊರಟುಹೋದವು. ಒಂದು ಸುಣ್ಣ. ಅಪ್ಪ ಡಬ್ಬವನ್ನು ಹಿತ್ತಿಲ ಬೇಲಿಯಾಚೆಗೆ ಎಸೆದ. ರೇಷ್ಮೆಹುಳ ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ, ಅದರ ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಅಪ್ಪನ ಕೈ ಅದಕ್ಕೆ ಹೋಗಲಿಲ್ಲ. ಹುಳ ಸಾಕುವುದನ್ನೇ ಬಿಟ್ಟ. ಬಿದಿರ ತಟ್ಟೆಗಳನ್ನು ಹುಳದಮನೆಯ ಮೂಲೆಗೆ ಒಟ್ಟಿ ಬಾಗಿಲು ಎಳೆದ. ಆಗ ನಮ್ಮ ರಸ್ತೆಯ ಬದಿಗೆ ಒಂದೊಂದೇ ಫ್ಯಾಕ್ಟರಿ ಏಳುತ್ತಿತ್ತು. ಕಲ್ಲು ಕೊಯ್ದು ಪಾಲಿಶ್ ಮಾಡುವ ಒಂದು ಫ್ಯಾಕ್ಟರಿಯ ಗೇಟಿಗೆ ವಾಚ್‌ಮನ್ ಆಗಿ ಸೇರಿದ. ಅಕ್ಕ ಮಂಜುಳ ಗಾರ್ಮೆಂಟ್ಸ್ ವ್ಯಾನ್ ಹತ್ತಿದಳು. ಅವ್ವ ಹಸು, ಹೊಲ, ಬೇರೆಯವರ ಹುಳಕ್ಕೆ ಮಾರುವ ಹಿಪ್ಪುನೇರಳೆ ಸೊಪ್ಪು ಎಂದು ಹಗಲೆಲ್ಲ ಹೊರಗೆ. ಮನೆ ಕಾಯಲು ನಾನು ಉಳಿದೆ. ಕಾಯುವುದು ಅಂದರೆ ಜಗುಲಿಯ ಕಂಬಕ್ಕೆ ಒರಗಿ ಕೂರುವುದು.

ಹೊರಟುಹೋದ ಎರಡನೆಯದು ‘ನೋಡು’ ಅನ್ನುವ ಮಾತು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಎಲ್ಲರೂ ಉಣ್ಣಲು ಕೂತಿದ್ದೆವು. ಮುದ್ದೆ, ಹುರುಳಿ ಬಸ್ಸಾರು. ಅಕ್ಕ ಎಂದಿನ ಹಾಗೆ ಅಂದಳು.

“ಲೋ, ಸಾರ್ಗೆ ಉಪ್ಪು ಸಾಕಾ, ಒಸಿ ನೋಡು.”

ಸೌಟು ನೆಲಕ್ಕೆ ಬಿದ್ದ ಸದ್ದಾಯಿತು.

“ನಾಲ್ಗೆ ಬಿಗಿ ಇಡ್ಕೊಂಡು ಮಾತಾಡೇ,” ಅಂದಳು ಅವ್ವ.

“ನಾನೇನಂದೆ ಅಂತ? ಉಪ್ಪು...”

ಅಪ್ಪ ಎದ್ದ. ಮುರಿದ ಮುದ್ದೆ ತಟ್ಟೆಯಲ್ಲೇ ಇತ್ತು ಎಂದು ಆಮೇಲೆ ಅಕ್ಕ ಹೇಳಿದಳು. ಅವನು ಕೈ ತೊಳೆದ ನೀರಿನ ಸದ್ದು ಹಿತ್ತಿಲಿನಿಂದ ಬಹಳ ಹೊತ್ತು ಬರುತ್ತಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡಲಿಲ್ಲ. ನಮ್ಮ ಭಾಷೆಯಲ್ಲಿ ಆ ಮಾತನ್ನು ತೆಗೆದಿಟ್ಟು ಒಂದು ದಿನ ಸಂಸಾರ ಮಾಡುವುದು ಎಷ್ಟು ಕಷ್ಟ ಎಂಬುದು ತೆಗೆದಿಟ್ಟವರಿಗೇ ಗೊತ್ತು. ತಿಂದು ನೋಡು, ಕೇಳಿ ನೋಡು, ಮೂಸಿ ನೋಡು, ಹಾಕ್ಕೊಂಡು ನೋಡು, ಒಂದು ಸಲ ಯೋಚನೆ ಮಾಡಿ ನೋಡು. ಇದರಲ್ಲಿ ಕಣ್ಣಿನ ಕೆಲಸ ಎಲ್ಲಿದೆ? ತಿಂದು ನೋಡುವುದು ನಾಲಿಗೆ, ಕೇಳಿ ನೋಡುವುದು ಕಿವಿ. ಆದರೂ ಅವ್ವ “ತಿಂದು...” ಅಂದು ನಿಲ್ಲಿಸುತ್ತಿದ್ದಳು, ಆಮೇಲೆ “ಉಪ್ಪು ಸಾಕಾ ಏಳು” ಅನ್ನುತ್ತಿದ್ದಳು. ಹೊಸ ಅಂಗಿ ತಂದಾಗ “ಆಕ್ಕೊಂಡು...” ಅಂದು ಬಾಯಿ ಮುಚ್ಚಿಕೊಂಡಳು. ಎಲ್ಲರ ಮಾತೂ ಅರ್ಧಕ್ಕೆ ಎಡವುತ್ತಿತ್ತು. ಪ್ರತಿ ಎಡವಿಗೂ ನನಗೆ ನನ್ನ ಕಣ್ಣು ನೆನಪಾಗುತ್ತಿತ್ತು. ಮಾತನ್ನು ಆಡಿಬಿಟ್ಟಿದ್ದರೆ ನೆನಪಾಗುತ್ತಿರಲಿಲ್ಲ. ಅಪ್ಪನಂತೂ ಆ ಮಾತೊಂದೇ ಅಲ್ಲ, ನನ್ನೊಡನೆ ಬೇರೆ ಮಾತನ್ನೂ ಕಡಿಮೆ ಮಾಡಿದ. ಡ್ಯೂಟಿಯಿಂದ ಬಂದರೆ ಜಗುಲಿಯಲ್ಲಿ ನಾನಿದ್ದ ಕಂಬದ ಆಚೆ ಬದಿಯಿಂದ ಸುತ್ತಿಕೊಂಡು ಒಳಗೆ ಹೋಗುತ್ತಿದ್ದ. ಅವನ ಚಪ್ಪಲಿಯ ಸದ್ದು ಹಾಗೆ ಸುತ್ತುವುದು ನನಗೆ ಕೇಳುತ್ತಿತ್ತು.

ನಾನು ಏಳಲು ಹೋದರೆ ಎಲ್ಲಿದ್ದರೂ ಅವ್ವನ ದನಿ ಬರುತ್ತಿತ್ತು. “ಕುಂತ್ಕೊ ಮಗ, ಏನ್ ಬೇಕು, ನಾನ್ ತತ್ತೀನಿ.” ನೀರು ಬಂತು, ತಟ್ಟೆ ಬಂತು, ಚಾಪೆ ಬಂತು. ದೇವರನ್ನೂ ಹೀಗೇ ಕೂರಿಸುತ್ತಾರೆ. ಹುಟ್ಟಿದಾರಭ್ಯ ಕೂತು ತಿಂದವನಲ್ಲ ನಾನು. ಸ್ಕೂಲಿಗೆ ಹೋಗುವ ಮೊದಲೇ ಹುಳಕ್ಕೆ ಸೊಪ್ಪು ಹಾಕಿ ಹೋಗುತ್ತಿದ್ದವನು. ಹಾಗಿದ್ದೂ ಆ ದಿನಗಳಲ್ಲಿ ಸಿಟ್ಟು ಬಂದ ನೆನಪಿಲ್ಲ. ಕಾಲು ಜೋಮು ಹಿಡಿದಾಗ ಮೊದಲು ಚುಚ್ಚುತ್ತದೆ, ಆಮೇಲೆ ಅದು ನಮ್ಮ ಕಾಲೇ ಅಲ್ಲ ಅನಿಸುತ್ತದಲ್ಲ, ಹಾಗಿತ್ತು, ಮೈಯೆಲ್ಲ.

ಮೊದಲು ಕೈ ಹಾಕಿದ್ದು ಮುಂಬಾಗಿಲಿಗೆ. ಮಳೆಗಾಲಕ್ಕೆ ಆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಅಕ್ಕ ದಿನಾ ಸಂಜೆ ವ್ಯಾನ್ ಇಳಿದು ಬಂದು ಭುಜ ಕೊಟ್ಟು ಗುದ್ದಿ ತೆಗೆಯುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಎದ್ದು ಗೋಡೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದುಕೊಂಡೆ. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಸಂದಿಯಲ್ಲಿ ಹಾಳೆ ತೂರಿಸಿ ಮೇಲಿಂದ ಕೆಳಕ್ಕೆ ಎಳೆದೆ. ಎಲ್ಲಿ ಹಾಳೆ ಸಲೀಸಾಗಿ ಜಾರುತ್ತದೋ ಅಲ್ಲಿ ಬಾಗಿಲು ಸರಿ ಇದೆ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಉಬ್ಬಿದೆ. ಸಿಕ್ಕಿದ ಕಡೆ ಉಗುರಿನಿಂದ ಗೀರಿದೆ. ಮಚ್ಚಿನ ಬಾಯಿಯನ್ನು ಅಡ್ಡ ಹಿಡಿದು ಗೀರಿದ ಜಾಗವನ್ನು ಕೆರೆದೆ, ಮತ್ತೆ ಹಾಳೆ ಎಳೆದೆ, ಮತ್ತೆ ಕೆರೆದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಕೂತು ಕೂತು ಬಾಗಿಲಿನ ಸದ್ದು ಕೇಳಿ, ಅದು ಕೆಳಗಡೆ ಹಿಡಿಯುವುದಿಲ್ಲ, ಚಿಲಕದ ಹತ್ತಿರ ಹಿಡಿಯುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಹೊಟ್ಟನ್ನು ಗುಡಿಸಿ ಬೂದಿಗುಂಡಿಗೆ ಹಾಕಿ ಕಂಬಕ್ಕೆ ಬಂದು ಕೂತೆ.

ಸಂಜೆ ವ್ಯಾನಿನ ಹಾರನ್ ಆಯಿತು. ಅಕ್ಕ ಬಂದಳು. ಎಂದಿನಂತೆ ಭುಜ ಕೊಟ್ಟು ಗುದ್ದಿದಳು. ಬಾಗಿಲು ಗಾಳಿಯ ಹಾಗೆ ತೆರೆದುಕೊಂಡಿತು. ಅವಳು, ಊಟದ ಡಬ್ಬಿ, ಛತ್ರಿ ಎಲ್ಲ ನಡುಮನೆಯವರೆಗೂ ಹೋಗಿ ಬಿದ್ದವು.

“ಅಯ್ಯಯ್ಯಪ್ಪ! ಬಾಗ್ಲು ಎಲ್ವೋ ಓಯ್ತು?”

ಅವ್ವ ಕೊಟ್ಟಿಗೆಯಿಂದ ಓಡಿ ಬಂದಳು. “ಯಾಕೇ ಬಿದ್ದೆ? ಕಣ್ಣು...” ಅಂದವಳು ಅಲ್ಲಿಗೇ ನಿಲ್ಲಿಸಿದಳು.

“ಬಾಗ್ಲು ಕಣವ್ವ! ಇಷ್ಟ್ ವರ್ಸ ಗುದ್ದಿಸ್ಕೊಂಡು ಇವತ್ ಸೇಡ್ ತೀರಿಸ್ಕೊಂಡ್ಬುಡ್ತು. ಯಾರ್ ಮುಟ್ಟಿದ್ದು ಇದ್ನ?”

ಅಕ್ಕ ಜಗುಲಿಗೆ ಬಂದು ನನ್ನ ಬೆರಳುಗಳನ್ನು ಹಿಡಿದು ಮೂಸಿದಳು. ಮರದ ಹೊಟ್ಟಿನ ವಾಸನೆ ಹೋಗಿರಲಿಲ್ಲ. ತಲೆಗೆ ಒಂದು ಮೊಟಕಿದಳು. ಅಪ್ಪ ಡ್ಯೂಟಿ ಮುಗಿಸಿ ಬಂದವನು ಬಾಗಿಲನ್ನು ತೆರೆದ, ಮುಚ್ಚಿದ, ತೆರೆದ, ಮುಚ್ಚಿದ. ಆಮೇಲೆ ಊಟಕ್ಕೆ ಕೂತ.

ಅಕ್ಕ ಅಲ್ಲಿಂದ ನನ್ನ ಕಡೆಯವಳಾದಳು. ಹಾರೋಹಳ್ಳಿಯಲ್ಲಿ ವ್ಯಾನ್ ನಿಂತಾಗ ಇಳಿದು ಮೊಳೆ, ಸ್ಕ್ರೂ, ನಲ್ಲಿಯ ವಾಷರ್ ತಂದುಕೊಡುತ್ತಿದ್ದಳು. ಬಟ್ಟೆ ಅಳೆಯುವ ಹಳೆಯ ಟೇಪಿಗೆ ಇಂಚಿಗೊಂದರಂತೆ ದಾರದ ಗಂಟು ಹೊಲಿದುಕೊಟ್ಟಳು. ಮೊಳೆ ಹೊಡೆಯುವಾಗ ಬೆರಳು ಜಜ್ಜಿಕೊಳ್ಳುತ್ತಿದ್ದೆ. ಒಂದು ದಿನ ಅವಳ ಬಾಚಣಿಗೆ ಕೈಗೆ ಸಿಕ್ಕಿತು. ಅದರ ಹಲ್ಲಿನ ಸಂದಿಗೆ ಮೊಳೆ ಸಿಕ್ಕಿಸಿ, ಬಾಚಣಿಗೆಯ ತುದಿ ಹಿಡಿದುಕೊಂಡು ಹೊಡೆದೆ. ಬೆರಳು ಸುತ್ತಿಗೆಯಿಂದ ದೂರ, ಮೊಳೆ ನೆಟ್ಟಗೆ. ಎರಡೇಟು ಬಿದ್ದು ಮೊಳೆ ಕಚ್ಚಿಕೊಂಡ ಮೇಲೆ ಬಾಚಣಿಗೆ ಎಳೆದುಕೊಳ್ಳುವುದು. ಅಕ್ಕ ತಲೆ ಬಾಚಲು ಹೋಗಿ ಬೈದಳು.

“ನನ್ ಬಾಚಣ್ಗೆ ಹಲ್ಲೆಲ್ಲ ಉದ್ರಿಸಿ ಮುದ್ಕನ್ ಬಾಯ್ ಮಾಡ್ಬುಟ್ಟಿದ್ದೀಯಲ್ಲೋ! ಈಗ ಬಾಚುದ್ರೆ ತಲೇಲಿ ಹಾದಿ ಬೀಳ್ತದೆ, ನೋಡಿಲ್ಲಿ.”

ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಆ ಮಾತನ್ನು ಹಾಗೆ ಕದ್ದು ಆಡುತ್ತಿದ್ದಳು, ಬೇರೆ ಹುಡುಗಿಯರು ಕದ್ದು ಹುಣಸೆಹಣ್ಣು ತಿನ್ನುವ ಹಾಗೆ. ನಾನು ಅವಳ ತಲೆ ಮುಟ್ಟಿ ನೋಡಿದೆ. ನಿಜಕ್ಕೂ ಹಾದಿ ಬಿದ್ದಿತ್ತು.

ಹೀಗೆ ಚಿಲಕ, ಹಗ್ಗದ ಮಂಚ, ಬಚ್ಚಲ ನಲ್ಲಿ, ಕಿಟಕಿಯ ಕೊಂಡಿ ಒಂದೊಂದೇ ಸರಿಹೋದವು. ಅವ್ವ ಕಂಡೂ ಕಾಣದ ಹಾಗೆ ಇದ್ದಳು. ಅಪ್ಪನೂ ಹಾಗೇ. ಆಮೇಲೆ ಕರೆಂಟಿನ ಕೆಲಸಕ್ಕೆ ಹೋದೆ. ಹುಳದಮನೆಯ ಬಲ್ಬಿನ ಹೋಲ್ಡರ್ ಸಡಿಲವಾಗಿತ್ತು. ಕರೆಂಟ್ ಇದೆಯೋ ಇಲ್ಲವೋ ತಿಳಿಯಲು ಎಲ್ಲರೂ ಟೆಸ್ಟರ್ ಇಡುತ್ತಾರೆ. ಅದು ದೀಪ ಹತ್ತಿಸಿ ಹೇಳುತ್ತದೆ, ನನಗೆ ದಂಡ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಅದೇ ಕೋಣೆಯ ಪ್ಲಗ್ಗಿಗೆ ರೇಡಿಯೊ ಹಾಕಿ ಜೋರಾಗಿ ಹಾಡಲು ಬಿಡುವುದು, ಮೀಟರ್ ಬೋರ್ಡಿನ ಹತ್ತಿರ ಹೋಗಿ ಫ್ಯೂಸ್ ಕೀಳುವುದು. ರೇಡಿಯೊ ನಿಂತರೆ ಕರೆಂಟ್ ನಿಂತಿತು. ಬೋರ್ಡಿನಲ್ಲಿ ಎರಡು ಫ್ಯೂಸ್ ಇದ್ದವು, ಮನೆಯದೊಂದು, ಹುಳದಮನೆಯದೊಂದು. ಯಾವುದು ಯಾವುದೆಂದು ಗೊತ್ತಿರಲಿಲ್ಲ. ಒಂದನ್ನು ಹಿಡಿದು ಕಿತ್ತೆ. ರೇಡಿಯೊ ನಿಂತಿತು. ಬೀದಿಯ ಕೊನೆಯ ಹಿಟ್ಟಿನ ಗಿರಣಿಯೂ ನಿಂತಿತು. ಗಿರಣಿ ನಿಂತದ್ದು ನನಗೆ ಕೇಳಿಸಿತ್ತು, ಆದರೆ ಲೆಕ್ಕಕ್ಕೆ ಬರಲಿಲ್ಲ. ನಾನು ಕಿತ್ತದ್ದು ಮನೆಯ ಫ್ಯೂಸು. ಅದೇ ಹೊತ್ತಿಗೆ ಊರಿಗೇ ಕರೆಂಟ್ ತೆಗೆದಿದ್ದರು. ಸ್ಟೂಲ್ ಹತ್ತಿ ಹೋಲ್ಡರ್ ಬಿಚ್ಚಿ ತಂತಿಗೆ ಕೈ ಇಟ್ಟಿದ್ದೆ, ಕರೆಂಟ್ ಬಂತು. ಮೊದಲು ಕೇಳಿದ್ದು ರೇಡಿಯೊದ ಹಾಡು. ಆಮೇಲೆ ನಾನು ಬಿದಿರ ತಟ್ಟೆಗಳ ಮೇಲೆ ಬಿದ್ದಿದ್ದೆ. ಹುಳ ಬಿಟ್ಟ ಮೇಲೆ ಆ ತಟ್ಟೆಗಳು ಮಾಡಿದ ಉಪಕಾರ ಅದೊಂದೇ.

ಅವ್ವ ಬಂದು ನನ್ನ ಮೈಯೆಲ್ಲ ತಡವಿದಳು. ಅಳಲಿಲ್ಲ. ಗೋಡೆಗೆ ತಲೆ ಚಚ್ಚಿಕೊಂಡ ಸದ್ದು ಕೇಳಿತು. ಅಪ್ಪ ಬಂದವನು ಸುತ್ತಿಗೆ, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, ಗಂಟಿನ ಟೇಪು, ಕೊನೆಗೆ ಬಾಚಣಿಗೆಯನ್ನೂ ಒಂದೊಂದಾಗಿ ಕಬ್ಬಿಣದ ಟ್ರಂಕಿಗೆ ಹಾಕಿದ. ಬೀಗ ಹಾಕಿದ ಸದ್ದಾಯಿತು.

“ಇನ್ ಈ ಮನೇಲಿ ಏನೂ ಮುಟ್ಬೇಡ ನೀನು.”

ವರ್ಷಗಳಾದ ಮೇಲೆ ಅವನು ನನಗೆ ನೇರವಾಗಿ ಆಡಿದ ಮಾತು ಅದು. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅವನು ಓಡಾಡಿದರೆ ಅದು ಬೆಲ್ಟಿಗೆ ತಾಗಿ ಕಿಣಿ ಅನ್ನುತ್ತಿತ್ತು. ನಾನು ಮತ್ತೆ ಕಂಬಕ್ಕೆ ಬಂದು ಕೂತೆ.

ಸುದ್ದಿ ಕೇಳಿ ಕೋಡಿಹಳ್ಳಿ ಮಾವ ಬಂದ, ಅವ್ವನ ತಮ್ಮ. ಜಗುಲಿಯಲ್ಲೇ ಮಾತಾಯಿತು. ಕಣ್ಣಿಲ್ಲದವನಿಗೆ ಕಿವಿಯೂ ಇಲ್ಲವೆಂದು ಜನ ತಿಳಿದುಕೊಳ್ಳುತ್ತಾರೆ.

“ಬೆಂಗ್ಳೂರ್ ಕಡೆ ಒಂದ್ ಆಶ್ರಮ ಐತೆ ಕಣಕ್ಕ. ಇಂತೋರೇ ಇರೋದು. ಕುಂತ್ ತಾವ್ಕೇ ಅನ್ನ ತಂದಿಕ್ತಾರೆ. ಇಲ್ಲಿ ಇವತ್ತು ಕರೆಂಟು, ನಾಳೆ ಬಾವಿ. ಯಾರ್ ಕಾಯ್ತೀರಿ?”

“ನಂಗೂ ಕೈಕಾಲ್ ಆಡ್ತಿಲ್ಲ ಕಣಪ್ಪ,” ಅಂದಳು ಅವ್ವ. “ಹೊಲದಾಗಿದ್ರೂ ಜೀವ ಇಲ್ಲೇ ಇರ್ತದೆ.”

“ನೀನೇನಂತೀಯ ಭಾವ?”

ಅಪ್ಪ ಬೀಡಿ ಹಚ್ಚಿದ. “ಮಂಜಿ ಮದ್ವೆ ಒಂದ್ ಆಗ್ಲಿ,” ಅಂದ.

ಅಲ್ಲಿಗೆ ತೀರ್ಮಾನವಾದ ಹಾಗಾಯಿತು. ಅಕ್ಕ ಒಂದು ಮನೆಗೆ, ನಾನು ಇನ್ನೊಂದು ಮನೆಗೆ. ನನಗೆ ಅಳು ಬರಲಿಲ್ಲ. ಆ ಆಶ್ರಮದ ಬಾಗಿಲು ಮಳೆಗಾಲಕ್ಕೆ ಕಚ್ಚಿಕೊಳ್ಳುತ್ತದೆಯೋ ಏನೋ ಎಂದು ಯೋಚಿಸಿದೆ. ಅಲ್ಲಿ ನನಗೆ ಅದನ್ನು ಮುಟ್ಟಲು ಬಿಡುತ್ತಾರೆಯೋ ಎಂದು ಯೋಚಿಸಿದೆ. ಕುಂತ ತಾವಿಗೇ ಅನ್ನ ತಂದಿಕ್ಕುವವರು ಬಿಡಲಾರರು.

ಅಕ್ಕನಿಗೆ ದೊಡ್ಡಮಳೂರಿನ ಕಡೆಯಿಂದ ಗಂಡು ಗೊತ್ತಾಯಿತು. ಹುಡುಗ ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವ ಕೆಲಸದವನು. ಕೋಡಿಹಳ್ಳಿಯಲ್ಲಿ ಮಾವನ ಮನೆಯಲ್ಲೇ ಹೆಣ್ಣು ನೋಡಿ ಹೋಗಿದ್ದರು, ಒಪ್ಪಿದ್ದರು. ಇನ್ನು ಅವರ ಹಿರಿಯರು ಬಂದು ಮನೆ ನೋಡುವ ಶಾಸ್ತ್ರ ಉಳಿದಿತ್ತು. ಆ ಸುದ್ದಿಯನ್ನು ಅವ್ವ ಅಕ್ಕನಿಗೆ ಹೇಳಬೇಕಾಯಿತು.

“ಬರೋ ವಾರ ಮಳೂರೋರು ಮನೆಗೆ... ಬತ್ತಾರಂತೆ.”

“ಏನಕ್ಕೆ ಬತ್ತಾರೆ?”

“ಬತ್ತಾರೆ ಕಣೇ. ಸುಮ್ಕೆ.”

“ಸುಮ್ಕೆ ಯಾರ್ ಬತ್ತಾರೆ? ಬಾಯ್ಬುಟ್ ಏಳವ್ವ. ಮನೆ ನೋಡಕ್ಕೆ ಬತ್ತಾರೆ. ನೋಡಕ್ಕೆ! ಈ ಕರೀಕಾದ ಗೋಡೆ ನೋಡಕ್ಕೆ! ಬಿಳುಪು ಕಂಡು ಎಷ್ಟ್ ಕಾಲ ಆಯ್ತು ಈ ಮನೆ? ಸಾವಿನ್ ಮನೆ ಅಂದ್ಕೋತಾರೆ ಬಂದೋರು.”

“ಮೆಲ್ಲುಕ್ ಮಾತಾಡು, ನಿಮ್ಮಪ್ಪ ಅವ್ನೆ.”

“ಇರ್ಲಿ ಕೇಳ್ಳಿ. ನಿಮ್ಮಿಬ್ರಿಗೂ ಇವ್ನ್ ಕಣ್ಗಿಂತ ಆ ಮಾತೇ ದೊಡ್ದಾಗೋಯ್ತು.”

ಅಪ್ಪ ನಡುಮನೆಯಿಂದ ಅಂದ, “ಪೇಂಟು ತತ್ತೀನಿ.”

“ಮಣ್ಣಿನ್ ಗೋಡೆಗೆ ಪೇಂಟ್ ನಿಲ್ತದಾ?” ಅಂದಳು ಅವ್ವ. “ಬಂದೋರ್ ಮುಂದೇನೇ ಹಪ್ಪಳ ಎದ್ದಂಗ್ ಏಳ್ತದೆ. ಸುಣ್ಣನೇ ಆಗ್ಬೇಕು.” ಎಷ್ಟೋ ಕಾಲದ ಮೇಲೆ ಆ ಹೆಸರನ್ನು ಮನೆಯೊಳಗೆ ಅಂದವಳು ಅವಳೇ.

ನಾನು ಎದ್ದು ನಿಂತೆ.

“ಸುಣ್ಣ ನಾನು ಒಡೀತೀನಿ.”

ಅಕ್ಕ ಮೂಗು ಒರೆಸಿಕೊಂಡ ಸದ್ದು ಬಂತು. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಈ ಸಲ ಕಂಬವನ್ನು ಸುತ್ತಲಿಲ್ಲ, ನನ್ನ ಮಗ್ಗುಲಲ್ಲೇ ದಾಟಿ ಹೋದ. ನನಗೆ ಆಗ ಒಂದೇ ಒಂದು ಗೊತ್ತಿತ್ತು. ಈ ಗೋಡೆ ನನ್ನ ಕೈಗೆ ಸಿಕ್ಕರೆ ನಾನು ಈ ಮನೆಯವನು. ಸಿಗದಿದ್ದರೆ ಮದುವೆಯ ಚಪ್ಪರ ಬಿಚ್ಚಿದ ಮೇಲೆ ಮಾವನ ಜೊತೆ ಬಸ್ಸು ಹತ್ತುವವನು.

ಅಪ್ಪ ಮಾರನೆಯ ದಿನ ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ಬಂದ. ಹಿತ್ತಿಲಿಗೆ ಹೋದ. ತಗಡಿಗೆ ತಗಡು ತಾಗಿದ ಸದ್ದಾಯಿತು. ಬೇಲಿಯಾಚೆಯ ಹಳೆಯ ಡಬ್ಬ ತುಕ್ಕು ಹಿಡಿದು ತೂತ ಬಿದ್ದಿತ್ತು, ಇದು ಬೇರೆ. ನಾನು ಗೋಡೆ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದೆ.

“ದೂರ ನಿಂತ್ಕೊ.”

“ದೂರನೇ ಇವ್ನಿ.”

“ಇನ್ನೂ ದೂರ.”

ಹಿಂದಕ್ಕೆ ಸರಿದೆ. ಕಲ್ಲು ಡಬ್ಬಕ್ಕೆ ಬಿದ್ದವು. ಆಮೇಲೆ ಏನೋ ಗಟ್ಟಿಯಾಗಿ ಕೂತಿತು. ಫ್ಯಾಕ್ಟರಿಯ ವೆಲ್ಡರನ ಕೈಯಲ್ಲಿ ಅಪ್ಪ ಡಬ್ಬಕ್ಕೆ ಒಂದು ಮುಚ್ಚಳ ಮಾಡಿಸಿದ್ದ, ದಪ್ಪ ತಗಡಿನದು, ನಡುವೆ ನೀರು ಹೊಯ್ಯಲು ಒಂದು ಸಣ್ಣ ತೂತು. ಸುಣ್ಣದ ಡಬ್ಬಕ್ಕೆ ಮುಚ್ಚಳ ಮಾಡಿಸಿದವರನ್ನು ನಾನು ಅಲ್ಲಿಯವರೆಗೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ನೀರು ಹೊಯ್ದ. ಬುಸ್ ಎಂದು ಸುರುವಾಯಿತು. ಮುಚ್ಚಳ ಲೊಟಲೊಟ ಕುಣಿಯಿತು. ಕಣ್ಣು ಹೋದ ದಿನ ಈ ಸದ್ದನ್ನು ಕೇಳಿದ್ದೆನೋ ಇಲ್ಲವೋ ನೆನಪಿಲ್ಲ, ಆಗ ಕಣ್ಣಿತ್ತಲ್ಲ, ಕಿವಿಗೆ ಕೆಲಸವಿರಲಿಲ್ಲ. ಈಗ ಪೂರ್ತಿ ಕೇಳಿದೆ. ಜೋರಾಯಿತು, ಮಂದವಾಯಿತು, ಒಂದೊಂದೇ ಗುಳ್ಳೆಯಾಯಿತು, ನಿಂತಿತು.

“ನಿಂತದೆ ಕಣಪ್ಪ.”

“ಇರು.”

“ನಿಂತು ಬಾಳೊತ್ತಾಯ್ತು.”

“ಇರು ಅಂದ್ನಲ್ಲ.”

ಮುಚ್ಚಳವನ್ನು ಅವನು ತೆಗೆದದ್ದು ಮಾರನೆಯ ಬೆಳಿಗ್ಗೆ.

ಗೋಡೆಯ ಕೆಲಸಕ್ಕೆ ಇಳಿಯುವ ಮೊದಲು ಅವ್ವ ತನ್ನ ಹಳೆಯ ಸೀರೆಯ ಅಂಚನ್ನು ಹರಿದು ತಂದಳು. “ಕಣ್ಗೆ ಕಟ್ಕೊ. ಸುಣ್ಣ ಬೀಳ್ತದೆ.”

“ಇನ್ನೇನ್ ಓಗ್ಬೇಕವ್ವ ಅದ್ರಾಗೆ?” ಅಂದಳು ಅಕ್ಕ. ಅಂದು ತಾನೇ ನಕ್ಕುಬಿಟ್ಟಳು. ಅವ್ವ ಅವಳಿಗೆ ಒಂದು ಬಿಟ್ಟಳು, ಆಮೇಲೆ ಅವ್ವನಿಗೂ ನಗು ತಡೆಯಲಾಗಲಿಲ್ಲ. ನಾನು ಕಟ್ಟಿಕೊಂಡೆ. ಕಾಣದ ಕಣ್ಣಿಗೂ ಸುಣ್ಣ ಉರಿಯುತ್ತದೆ.

ತೊಲೆಯಿಂದ ಎರಡು ದಾರ ಇಳಿಬಿಟ್ಟು ತುದಿಗೆ ಕಲ್ಲು ಕಟ್ಟಿದೆ. ದಾರಕ್ಕೂ ದಾರಕ್ಕೂ ನಡುವಿನದು ಒಂದು ಪಟ್ಟಿ. ಅಷ್ಟನ್ನು ಮೇಲಿಂದ ಕೆಳಕ್ಕೆ ಮುಗಿಸಿ ಒಂದು ದಾರವನ್ನು ಮುಂದಕ್ಕೆ ಸರಿಸುವುದು. ಬಲಗೈಯಲ್ಲಿ ಕುಂಚ, ಎಡಗೈ ಹಿಂದಿನಿಂದ ಬರುತ್ತಿತ್ತು. ಹಚ್ಚಿದ ಗೋಡೆ ತಣ್ಣಗಿರುತ್ತದೆ, ಹಚ್ಚದ್ದು ಮೈ ಬಿಸಿಯಿರುತ್ತದೆ. ಅಂಗೈಗಿಂತ ಕೈಯ ಹಿಂಬದಿಗೆ ಅದು ಬೇಗ ತಿಳಿಯುತ್ತದೆ. ಕುಂಚದ ಸದ್ದೂ ಬೇರೆ. ಒಣ ಗೋಡೆಯ ಮೇಲೆ ಪರಪರ ಎನ್ನುತ್ತದೆ, ಹಸಿ ಗೋಡೆಯ ಮೇಲೆ ಜಾರುತ್ತದೆ. ಅಪ್ಪ ಹಿಂದೆ ನಿಂತಿದ್ದ. ಡ್ಯೂಟಿಗೆ ಹೋಗಿರಲಿಲ್ಲ. ಏಣಿಯ ಬುಡ ಹಿಡಿದುಕೊಂಡಿದ್ದ.

ನಡುಮನೆಯ ದೊಡ್ಡ ಗೋಡೆಗೆ ಬಂದಾಗ ಅವನು ಗಂಟಲು ಸರಿಮಾಡಿಕೊಂಡ.

“ಅಲ್ಲಿ ಬುಟ್ಟೋಗದೆ.”

“ಅಲ್ಲಿ ಅಂದ್ರೆ ಎಲ್ಲಿ?”

“ಅಲ್ಲೇ ಕಣ್ಲಾ. ಮೇಲೆ.”

ಮೇಲೆ ಹಚ್ಚಿದೆ.

“ಅದಲ್ಲ. ಬಲಕ್ಕೆ. ಇನ್ನೊಸಿ. ಅಷ್ಟಲ್ಲ, ಈಚೆಗ್ ಬಾ. ತೊಲೆ ಕೆಳ್ಗೆ. ತೊಲೆ ಗೊತ್ತಾಯ್ತಾ? ಅಲ್ಲ, ಅದ್ಕೂ ಕೆಳ್ಗೆ... ಥೂ ನಿನ್ನ, ಮುಟ್ಟಿ ನೋಡ್ಲಾ!”

ಅಡುಗೆಮನೆಯಲ್ಲಿ ಅವ್ವ ರುಬ್ಬುತ್ತಿದ್ದಳು. ಗುಂಡುಕಲ್ಲು ನಿಂತಿತು. ಅಕ್ಕ ನೀರು ತರುತ್ತಿದ್ದವಳು ಬಾಗಿಲಲ್ಲೇ ನಿಂತಳು, ಬಕೆಟ್ಟಿನಿಂದ ತೊಟ್ಟು ಬೀಳುವುದು ಕೇಳುತ್ತಿತ್ತು. ನಾನು ಎಡಗೈ ಮೇಲಕ್ಕೆ ಚಾಚಿದೆ. ತೊಲೆ ಸಿಕ್ಕಿತು. ಅದರ ಕೆಳಗೆ ತಣ್ಣಗೆ, ತಣ್ಣಗೆ, ಆಮೇಲೆ ಅಂಗೈಯಷ್ಟು ಜಾಗ ಬಿಸಿ.

“ಹೂಂ. ಬುಟ್ಟೋಗದೆ,” ಅಂದೆ. ಹಚ್ಚಿದೆ.

ಅಪ್ಪ ಈ ಸಲ ನಿಧಾನವಾಗಿ, ಒಂದೊಂದೇ ಅಕ್ಷರ ಇಳಿಸುವ ಹಾಗೆ ಅಂದ.

“ಅದ್ರ ಎಡಕ್ಕೂ ಒಸಿ ನೋಡು.”

ಎಡಕ್ಕೆ ಮುಟ್ಟಿದೆ. ಅಲ್ಲಿ ತಣ್ಣಗೇ ಇತ್ತು, ಬಿಟ್ಟುಹೋಗಿರಲಿಲ್ಲ. ಆದರೂ ಇನ್ನೊಂದು ಸಲ ಹಚ್ಚಿದೆ. ಅಡುಗೆಮನೆಯಲ್ಲಿ ಗುಂಡುಕಲ್ಲು ಮತ್ತೆ ತಿರುಗತೊಡಗಿತು.

ಮಳೂರಿನವರು ಬಂದರು. ಹುಡುಗನ ದೊಡ್ಡಪ್ಪ ಮಾತಿನ ಮಲ್ಲ. ನಡುಮನೆಯ ಗೋಡೆಗೆ ಒರಗಿ ಕೂತು ಊಟ ಮಾಡಿ ಎದ್ದಾಗ ಅವನ ಕರಿ ಕೋಟಿನ ಬೆನ್ನೆಲ್ಲ ಬಿಳಿಯಾಗಿತ್ತಂತೆ.

“ಮನೆ ನೋಡಕ್ ಬಂದೋನ್ಗೂ ಸುಣ್ಣ ಒಡ್ದು ಕಳುಸ್ತೀರಲ್ರಪ್ಪ! ಯಾರ್ ಒಡ್ದಿದ್ದು? ಸುಣ್ಣಕ್ಕೆ ಬೆರ್ಸಿದ್ ಗೋಂದು ಸಾಲ್ದು ಅಂತ ಅವನ್ಗೆ ಏಳಿ.”

ಎಲ್ಲರೂ ನಕ್ಕರು. ನಾನು ಹುಳದಮನೆಯ ಬಾಗಿಲಲ್ಲಿ ಕೂತಿದ್ದೆ. ಅಪ್ಪ ಅಂದ, “ಆಳ್ ಕರ್ದಿಲ್ಲ. ಮನೆಯೋರೇ ಒಡ್ಕೊಂಡೋ.”

ಅಷ್ಟೇ ಅಂದದ್ದು. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಅವರು ಬಂದು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು, ಅಯ್ಯೋ ಅನ್ನುತ್ತಿದ್ದರು. ಮನೆಯೋರು ಅಂದದ್ದು ನನಗೆ ಸಾಕಾಗಿತ್ತು.

ಮದುವೆಯ ಚಪ್ಪರ ಬಿಚ್ಚಿದ ದಿನ ಕೋಡಿಹಳ್ಳಿ ಮಾವ ಆಶ್ರಮದ ಮಾತು ತೆಗೆದ. ಅಪ್ಪ ಹಗ್ಗ ಸುತ್ತುತ್ತಿದ್ದವನು ಸುತ್ತುವುದನ್ನು ನಿಲ್ಲಿಸದೆ ಅಂದ.

“ಎಲ್ಲೋಗ್ತಾನೆ ಅವ್ನು? ಬಚ್ಲು ಬಾಗ್ಲು ಕಿತ್ತೋಗದೆ. ಯಾರ್ ಮಾಡ್ತಾರೆ?”

ಉಡಿದಾರದಿಂದ ಬೀಗದ ಕೈ ಬಿಚ್ಚಿದ. ನನ್ನ ಅಂಗೈಗೆ ಇಡಲಿಲ್ಲ, ಜಗುಲಿಯ ಕಲ್ಲಿನ ಮೇಲೆ ಟಣ್ ಎಂದು ಹಾಕಿದ. ನಾನೇ ತಡವಿ ತೆಗೆದುಕೊಂಡೆ. ಬಚ್ಚಲ ಬಾಗಿಲು ಆ ದಿನವೇ ಸರಿಹೋಯಿತು. ಕಣ್ಣಿನ ವಿಷಯ ಅಪ್ಪ ಸಾಯುವವರೆಗೂ ನನ್ನ ಹತ್ತಿರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಸಾಯುವ ಹಿಂದಿನ ಮಳೆಗಾಲದಲ್ಲಿ ಒಂದು ದಿನ ಮಾತ್ರ, ಸೋರುತ್ತಿದ್ದ ಹಂಚಿನ ಕೆಳಗೆ ಹಾಸಿಗೆಯಲ್ಲಿದ್ದವನು, “ಮಾದೇಸ, ಎಲ್ಲಿ ಸೋರ್ತದೆ ಒಸಿ ನೋಡು” ಅಂದ. ನೋಡಿದೆ. ಹಂಚು ಬದಲಾಯಿಸಿದೆ.

ಆ ಮನೆ ಈಗಿಲ್ಲ. ಊರಿನ ಆ ಬದಿಯೆಲ್ಲ ಫ್ಯಾಕ್ಟರಿಗಳಿಗೆ ಹೋಯಿತು, ಹುಳದಮನೆಯಿದ್ದ ಜಾಗದಲ್ಲಿ ಲಾರಿ ನಿಲ್ಲುತ್ತವೆ ಅನ್ನುತ್ತಾರೆ. ನಾನು ಹೋಗಿ ಕೇಳಿಸಿಕೊಂಡಿಲ್ಲ. ಈಗ ರಾಮನಗರ, ಮಾಗಡಿ, ಚನ್ನಪಟ್ಟಣದ ಕಡೆಯಿಂದೆಲ್ಲ ಕಣ್ಣಿಲ್ಲದವರು ನನ್ನನ್ನು ಕರೆಸುತ್ತಾರೆ. ಹೋಗಿ ಅವರ ಫ್ಯೂಸಿಗೆ ಗುರುತು ಕೊರೆಯುತ್ತೇನೆ, ಬಾಚಣಿಗೆಯಲ್ಲಿ ಮೊಳೆ ಹಿಡಿಯುವುದು ತೋರಿಸುತ್ತೇನೆ, ರೇಡಿಯೊ ನಿಂತರೆ ಸಾಲದು, ಬೀದಿಯ ಗಿರಣಿಯನ್ನೂ ಕೇಳಿ ಅನ್ನುತ್ತೇನೆ. ಬಾಗಿಲು ಸರಿಮಾಡಿ ನಾನು ಹೊರಟುಬರುವುದಿಲ್ಲ, ಅವರ ಕೈಯಲ್ಲೇ ಮಾಡಿಸುತ್ತೇನೆ. ಮನೆಯವರು ಬೇಡ, ಅವನಿಗೇಕೆ ಅಂದರೆ ಅವರನ್ನು ಹೊರಗೆ ಕೂರಿಸುತ್ತೇನೆ. ಕೆಲಸ ಮುಗಿದ ಮೇಲೆ ಆ ಕಣ್ಣಿಲ್ಲದವರಿಗೆ, “ಈಗ ನೋಡಿ” ಅನ್ನುತ್ತೇನೆ. ಮನೆಯವರು ಬೆಚ್ಚುತ್ತಾರೆ. ಕಣ್ಣಿಲ್ಲದವರು ಬೆಚ್ಚುವುದಿಲ್ಲ, ನೋಡುತ್ತಾರೆ.

ಈಗ ನನ್ನದು ಅಂತ ಇರುವುದು ಇಷ್ಟು. ಕನಕಪುರದಲ್ಲಿ ಎರಡು ಕೋಣೆಯ ಒಂದು ಮನೆ. ನಾನೇ ಕೂರಿಸಿದ ಬಾಗಿಲು ಮೂರು, ಮಳೆಗಾಲಕ್ಕೂ ಕಚ್ಚುವುದಿಲ್ಲ. ಅವ್ವ. ಹೆಂಡತಿ. ಒಬ್ಬಳು ಮಗಳು. ಸುತ್ತಿಗೆ ಎರಡು. ಗಂಟಿನ ಟೇಪು ಒಂದು. ಹಲ್ಲುದುರಿದ ಬಾಚಣಿಗೆ ಒಂದು. ರೇಡಿಯೊ ಒಂದು. ಸುಣ್ಣದ ಡಬ್ಬ ಒಂದು. ಅದರ ಮುಚ್ಚಳ ಒಂದು.